ಎರಡು ಕಿಟಕಿ ದಾಟಿದ ಹೆಸರು

ಸೋಮವಾರ ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಹಾಸಿಗೆ ಹೊಲಿಯುವ ಪುಟ್ಟ ಹೊನ್ನಿ ನನ್ನ ಕಿಟಕಿಗೆ ಬಂದು ಹೆಸರು ಬದಲಾಯಿಸಿಕೊಡಬೇಕೆಂದು ಅರ್ಜಿ ಕೊಟ್ಟಳು. ವಯಸ್ಸು ಐವತ್ತಾರು. ಎಡ ಮಂಡಿಯಲ್ಲಿ ನೋವು. ಕೂದಲಿನಲ್ಲಿ ಎಂದಿನಂತೆ ಅರಳೆಯ ಎಳೆಗಳು. ಅರ್ಜಿಯಲ್ಲಿ ಹಳೆಯ ಹೆಸರು, ಬೀದಿ, ಹೆಬ್ಬೆಟ್ಟು ಎಲ್ಲ ಇದ್ದವು. ಹೊಸ ಹೆಸರು ಬರೆಯಬೇಕಾದ ಜಾಗ ಮಾತ್ರ ಖಾಲಿ ಇತ್ತು.

ನಮ್ಮ ಊರಿನ ಹೆಸರು ತಪಾಸಣೆ ಕಚೇರಿಗೆ ಎರಡು ಕಿಟಕಿ. ಮೊದಲನೆಯದು ನನ್ನದು; ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕೂತಿದ್ದೇನೆ. ನಾನು ನೋಡುವುದು ಹೆಸರಿನ ಆಕಾರವನ್ನು ಮಾತ್ರ. ಹೆಸರು ಅಕ್ಷರದಿಂದ ಶುರುವಾಗಬೇಕು, ಅಂಕಿಯಿಂದ ಅಲ್ಲ. ಅಂಕಿ ಆಮೇಲೆ ಬಂದರೆ ಅಡ್ಡಿಯಿಲ್ಲ. ನಡುವೆ ಖಾಲಿ ಜಾಗ ಇರಬಾರದು. ಚುಕ್ಕಿ, ಅಲ್ಪವಿರಾಮ, ಪ್ರಶ್ನೆಯ ಗುರುತು ಯಾವುದೂ ಕೂಡದು; ಅಡಿಗೆರೆಯೊಂದಕ್ಕೆ ವಿನಾಯಿತಿ. ಇಷ್ಟು ಸರಿಯಿದ್ದರೆ ನೀಲಿ ಮುದ್ರೆ. ಎರಡನೆಯ ಕಿಟಕಿಯಲ್ಲಿ ಶರಭಣ್ಣನವರು. ಅವರ ಬಳಿ ಮೂವತ್ತೈದು ಪದಗಳ ಒಂದು ಪಟ್ಟಿ ಇದೆ. ಆದರೆ, ಇಲ್ಲದಿದ್ದರೆ, ಅಥವಾ, ತನಕ, ನಿಲ್ಲು, ಮುಂದುವರಿ, ಹಿಂತಿರುಗು, ಹೋಗಲಿಬಿಡು, ಹೀಗೆ ಊರು ತನಗೆಂದೇ ಇಟ್ಟುಕೊಂಡ ಪದಗಳು. ಅವು ಯಾರ ಹೆಸರೂ ಆಗಕೂಡದು. ತಂದ ಹೆಸರು ಆ ಪಟ್ಟಿಯಲ್ಲಿ ಕಾಣದಿದ್ದರೆ ಕೆಂಪು ಮುದ್ರೆ. ಹೆಸರು ಚೆನ್ನಾಗಿದೆಯೇ, ಅರ್ಥವಿದೆಯೇ, ಮುಖಕ್ಕೆ ಒಪ್ಪುತ್ತದೆಯೇ ಎಂದು ಕೇಳುವ ಅಧಿಕಾರ ಇಬ್ಬರಿಗೂ ಇಲ್ಲ.

ಎರಡು ಮುದ್ರೆ ಬಿದ್ದ ಹೆಸರನ್ನು ದಫ್ತರದಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದುತ್ತೇವೆ. ಅಲ್ಲಿಂದ ಮುಂದೆ ಊರಿನ ಯಾವ ಮೂಲೆಯಲ್ಲಿ ನಿಂತು ಯಾರು ಆ ಹೆಸರು ಹಿಡಿದು ಕರೆದರೂ, ಅದು ಹೆಸರಿನವರ ಕಿವಿಗೆ, ಕರೆದವರ ದನಿಯಲ್ಲೇ, ಪಡಸಾಲೆಯಿಂದ ಕೂಗಿದಷ್ಟು ಸ್ಪಷ್ಟವಾಗಿ ಬೀಳುತ್ತದೆ. ಮಾತಿನ ನಡುವೆ ಹೆಸರು ಎತ್ತಿದರೆ ಏನೂ ಆಗುವುದಿಲ್ಲ; ಕರೆಯಬೇಕು. ಇದು ಹೇಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕರೆ ಬರುತ್ತಿಲ್ಲ ಎಂದು ದೂರು ತಂದವರನ್ನು ದಿನಾ ಕಾಣುತ್ತೇನೆ.

ತಮ್ಮ ಮನೆತನದಲ್ಲಿ ಆ ಹೆಸರಿನ ಮೂರನೆಯವರೆಂಬ ಹೆಮ್ಮೆಯಿಂದ ಒಬ್ಬ ಎಣ್ಣೆ ವ್ಯಾಪಾರಿ ೩ಗುರುಬಸಪ್ಪ ಎಂದು ಬರೆಸಿಕೊಂಡು, ತಪಾಸಣೆಗೆ ಬಾರದೆ ಎಂಟು ತಿಂಗಳು ಕಳೆದರು. ಹೆಂಡತಿ ನೀರು ಸೇದಲು ಕರೆದರೆ ಕೇಳಿಸಲಿಲ್ಲ, ಅತ್ತೆ ಬಂದಿದ್ದಾರೆಂದು ಕರೆದರೆ ಕೇಳಿಸಲಿಲ್ಲ. ಕೊನೆಗೆ ಆಕೆಯೇ ಕೈಹಿಡಿದು ಎಳೆದುಕೊಂಡು ಬಂದರು. ನಾನು ಅಂಕಿಯನ್ನು ಹಿಂದಕ್ಕೆ ಹಾಕಿಕೊಟ್ಟೆ. ವಾರದೊಳಗೆ ಗುರುಬಸಪ್ಪ೩ ಒಬ್ಬರೇ ಬಂದು, ಹಳೆಯದನ್ನೇ ಮಾಡಿಕೊಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಆಗುವುದಿಲ್ಲ ಎಂದೆ. ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದರು.

ಶರಭಣ್ಣನವರ ತಂದೆಯ ಕಾಲದಲ್ಲಿ ಇನ್ನೊಂದು ನಡೆದಿತ್ತು. ಒಬ್ಬ ತನ್ನ ಎಮ್ಮೆಗೆ ನಿಲ್ಲು ಎಂದು ಹೆಸರಿಟ್ಟು, ಎರಡನೆಯ ಕಿಟಕಿಗೆ ಹೋಗದೆ ಮನೆಗೆ ಹೋದ. ಸಂಜೆ ಹೊಳೆಯ ದಂಡೆಯಲ್ಲಿ ನಿಂತು ಎಮ್ಮೆಯನ್ನು ಕರೆದ. ಊರಿಗೆ ಊರೇ ನಿಂತಿತು: ಹಿಟ್ಟಿನ ಗಿರಣಿ, ಗಾಡಿಗಳು, ಅರ್ಧ ಗಡ್ಡ ಬೋಳಿಸಿದ್ದ ಕ್ಷೌರಿಕ. ಎಮ್ಮೆ ಮಾತ್ರ ನಡೆದುಕೊಂಡು ಹೋಯಿತು. ಪಟ್ಟಿಯ ಪದವನ್ನು ಎಮ್ಮೆಗೆ ಕೊಟ್ಟದ್ದರಿಂದ ಹೀಗಾಯಿತು ಎಂದು ಕಡತದಲ್ಲಿ ಬರೆದಿದೆ. ನಾವೂ ಹಾಗೆಯೇ ನಂಬಿದ್ದೆವು.

ಹೊನ್ನಿಯ ತೊಂದರೆ ಹುಟ್ಟಿನಿಂದ ಬಂದದ್ದು. ಪುಟ್ಟ, ಹೊನ್ನಿ ಎಂಬ ಎರಡು ತುಂಡುಗಳ ನಡುವೆ ಖಾಲಿ ಜಾಗ. ಯಾರು ಕರೆದರೂ ಕರೆ ಆ ಸಂದಿಯಲ್ಲಿ ಮುರಿದು, ಮೊದಲ ತುಂಡು ಸೈಕಲ್ ಅಂಗಡಿಯ ಪುಟ್ಟನಿಗೆ ಹೋಗುತ್ತಿತ್ತು. ಪುಟ್ಟ ಒಳ್ಳೆಯ ಮನುಷ್ಯ. ದನಿ ಅರ್ಧಕ್ಕೆ ನಿಂತಂತೆ ಕೇಳಿಸಿದರೆ ಅದು ತನ್ನದಲ್ಲ ಎಂದು ತಿಳಿದು, ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ನೀರಿನಲ್ಲೇ ಬಿಟ್ಟು, ಮೂರು ಬೀದಿ ನಡೆದು ಹೋಗಿ, "ನಿನ್ನ ಕರೀತಾವ್ರೆ ಕಣಕ್ಕ, ಮಗಳ ದನಿ ಇದ್ದಂಗಿತ್ತು" ಎಂದು ತಿಳಿಸಿ ಬರುತ್ತಿದ್ದ. ಮೂವತ್ತೊಂದು ವರ್ಷ ಹೀಗೆ ನಡೆಯಿತು. ಹೋದ ತಿಂಗಳು ಪುಟ್ಟ ತೀರಿಕೊಂಡ. ಹೊನ್ನಿಯ ಹೆಸರಿನ ಕರೆಗಳು ಈಗ ಎಲ್ಲಿಗೂ ಹೋಗುತ್ತಿರಲಿಲ್ಲ.

"ಮಗಳು ಸುಗುಣ ತುಂಬಿದ ಬಸುರಿ ಸಾಮಿ," ಎಂದಳು ಹೊನ್ನಿ. "ಸುಣ್ಣದ ಗೂಡಿನ ಕೇರೀಲವಳೆ. ಕಾಲುವೆ ಆಚೆ, ಎರಡು ಮೈಲಿ. ನಮ್ಮನೆಗೆ ಕರ್ಕೊಂಡ್ ಬರಾನ ಅಂದ್ರೆ, ಅರಳೆ ದೂಳಲ್ಲಿ ಬಾಣಂತಿ ಮಲಗಿಸ್ತೀಯಾ ಅಂತ ಸೂಲಗಿತ್ತಿ ಬಯ್ತಾಳೆ. ನಾನೇ ಹೋಗಿರಾನ ಅಂದ್ರೆ ಮದುವೆ ಮನೆ ಹಾಸಿಗೆ ಏಳು ಬಾಕಿ. ಅಳಿಯ ಗೂಡಿನ ಬೆಂಕಿ ಬಿಟ್ಟು ಬರಂಗಿಲ್ಲ. ನೋವು ಸುರುವಾದ್ರೆ ಅವಳು ಕರೀಬೇಕು, ನನಗೆ ಕೇಳ್ಬೇಕು. ಮೊದಲನೆ ಹೆರಿಗೆ. ನಾನಿಲ್ದೆ ಆಗಬಾರ್ದು."

ಇದಕ್ಕೆ ನಮ್ಮಲ್ಲಿ ರೂಢಿಯ ಪರಿಹಾರವಿದೆ. ಖಾಲಿ ಜಾಗ ಇದ್ದಲ್ಲಿ ಅಡಿಗೆರೆ ಎಳೆದರೆ ಎರಡು ತುಂಡೂ ಒಂದೇ ಹೆಸರಾಗುತ್ತವೆ. ಕರೆಯುವವರು ಗೆರೆ ಬಂದ ಕಡೆ ನಾಲಿಗೆಯನ್ನು ಒಮ್ಮೆ ಲೊಚಗುಟ್ಟಿಸಬೇಕು, ಅಷ್ಟೆ. ನಾನು ಪೆನ್ನು ತೆಗೆದು ಪುಟ್ಟ_ಹೊನ್ನಿ ಎಂದು ಬರೆದು ತೋರಿಸಿದೆ. ಲೊಚಗುಟ್ಟಿಸಿ ಓದಿಯೂ ತೋರಿಸಿದೆ.

ಹೊನ್ನಿ ನನ್ನ ಬಾಯಿಯನ್ನೇ ನೋಡಿದಳು. "ಹಲ್ಲಿ ಲೊಚಗುಟ್ಟಿದಂಗೆ ಆಯ್ತಲ್ಲ ಸಾಮಿ. ನನ್ ಮಗಳು ಬೆನ್ನು ಸೀಳೋ ನೋವಲ್ಲಿ ಪುಟ್ಟ ಅಂದು, ಲೊಚಗುಟ್ಟಿ, ಆಮೇಕೆ ಹೊನ್ನಿ ಅಂತಾಳಾ?"

"ಹಾಗಾದರೆ ಬರೀ ಹೊನ್ನಿ ಅಂತ ಇಡೋಣ. ಅದರಲ್ಲಿ ಆರು ಜನ ಇದ್ದಾರೆ. ನೀವು ಹೊನ್ನಿ೭ ಆಗ್ತೀರಿ."

"ಏಳೂ ಬ್ಯಾಡ, ಎಂಟೂ ಬ್ಯಾಡ. ಹೆರೋ ಹೆಂಗಸು ಏನಂತ ಕೂಗ್ತಾಳೆ ಅಂತ ನಿಮಗೆ ಗೊತ್ತಿಲ್ಲ, ಮದುವೆ ಆಗಿಲ್ಲ ನೀವು. ಬರ್ಕೊಳಿ. ಅವ್ವ."

ನಮ್ಮ ಊರಿನಲ್ಲಿ ಮಕ್ಕಳಿಗೆ ಮೂರು ವರ್ಷಕ್ಕೇ ತಾಯಿಯ ದಾಖಲೆ ಹೆಸರನ್ನು ಬಾಯಿಪಾಠ ಮಾಡಿಸುತ್ತಾರೆ. ದಾರಿ ತಪ್ಪಿದರೆ, ಮಳೆಯಲ್ಲಿ ಸಿಕ್ಕಿಕೊಂಡರೆ ಮಕ್ಕಳು ಆ ಹೆಸರನ್ನೇ ಕರೆಯುತ್ತಾರೆ. ಬಿದ್ದಾಗ, ಸುಟ್ಟಾಗ, ಹೆದರಿದಾಗ ಮಾತ್ರ ಎಲ್ಲ ಮರೆತು ಅವ್ವಾ ಎನ್ನುತ್ತಾರೆ. ದೊಡ್ಡವರೂ ಹಾಗೆಯೇ. ಆ ಕರೆ ಇಷ್ಟು ದಿನ ದನಿ ಮುಟ್ಟುವಷ್ಟು ದೂರ ಹೋಗಿ ಗಾಳಿಯಲ್ಲಿ ಕರಗುತ್ತಿತ್ತು. ಊರಿನಲ್ಲಿ ಎಷ್ಟು ಅವ್ವಂದಿರಿದ್ದರೋ ಅಷ್ಟೂ ಮಂದಿಗೆ ಬೇರೆ ಹೆಸರುಗಳಿದ್ದವು. ಇದನ್ನೇ ಹೆಸರಾಗಿ ಕೊಡಿ ಎಂದು ಯಾರೂ ಕೇಳಿರಲಿಲ್ಲ.

ನಾನು ಪರೀಕ್ಷಿಸಿದೆ. ಅಕ್ಷರದಿಂದ ಶುರುವಾಗುತ್ತದೆ. ಖಾಲಿ ಜಾಗ ಇಲ್ಲ. ಚುಕ್ಕಿ ಇಲ್ಲ. ಆಕಾರದಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಇಂಥ ಪದ ಪಟ್ಟಿಯಲ್ಲಿ ಇಲ್ಲದೇ ಇರುತ್ತದೆಯೇ, ಎರಡನೆಯ ಕಿಟಕಿಯಲ್ಲಿ ತಡೆಯುತ್ತಾರೆ ಎಂದುಕೊಂಡು ನೀಲಿ ಮುದ್ರೆ ಒತ್ತಿದೆ. ಶರಭಣ್ಣನವರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಅದರಲ್ಲಿ ಇರಲಿಲ್ಲ. ಅಸಂಬದ್ಧವಾಗಿದ್ದರೆ ಮೊದಲನೆಯ ಕಿಟಕಿ ಬಿಡುತ್ತಿತ್ತೇ ಎಂದುಕೊಂಡು ಅವರು ಕೆಂಪು ಮುದ್ರೆ ಒತ್ತಿದರು. ಎರಡು ಕಿಟಕಿಗಳ ನಡುವಿನ ಅಂತರ ನಾಲ್ಕು ಅಡಿ. ಒಬ್ಬರು ಇನ್ನೊಬ್ಬರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಅವರ ಮೊಮ್ಮಗನ ಹೆಸರಿನ ನಡುವೆ ಖಾಲಿ ಜಾಗ ಇದೆಯೆಂದು ನಾನು ಅರ್ಜಿ ವಾಪಸು ಮಾಡಿದಂದಿನಿಂದ, ಹನ್ನೊಂದು ವರ್ಷ, ನಾವು ಮಾತು ಬಿಟ್ಟಿದ್ದೆವು.

ಹತ್ತು ಐವತ್ತೈದಕ್ಕೆ ಹೆಸರನ್ನು ದಫ್ತರದಲ್ಲಿ ಬರೆದು ಓದಿದೆ. ಹೊನ್ನಿ ಸೆರಗು ಸರಿಮಾಡಿಕೊಂಡು ಹೊರಡಲೆಂದು ಎದ್ದವಳು ಹಾಗೆಯೇ ಬೆಂಚಿನ ಮೇಲೆ ಕೂತಳು. "ಯಾರ್ದೋ ಮಗ ಬಿತ್ತು," ಎಂದಳು. "ಪೇಟೆ ಕಡೆ." ಕ್ಷಣದ ನಂತರ, "ಇನ್ನೊಂದು. ಇದಕ್ಕೆ ಹಸಿವು." ಮತ್ತೆ, "ಅಯ್ಯ, ಇದ್ಯಾರಪ್ಪ ಗಂಡಸು!" ಹನ್ನೆರಡು ಗಂಟೆಯವರೆಗೆ ನಾನು ಎಣಿಸಿದೆ. ಎಪ್ಪತ್ತಮೂರು ಕರೆ ಬಂದವು. ಒಂದೂ ಸುಗುಣಳದ್ದಲ್ಲ.

ಕೇಳಿಸಿಕೊಂಡು ಸುಮ್ಮನಿರುವುದು ಹೊನ್ನಿಯಿಂದ ಆಗಲಿಲ್ಲ. ಮಂಗಳವಾರ ಆಕೆ ಹಾಸಿಗೆಯ ಸೂಜಿಯನ್ನು ಮಧ್ಯದಲ್ಲಿ ಚುಚ್ಚಿಟ್ಟು ಒಂಬತ್ತು ಮನೆಗಳಿಗೆ ಹೋದಳು. ಮಂಡಿ ತರಚಿಕೊಂಡವರಿಗೆ ಅರಿಸಿನ, ಹಸಿದವರಿಗೆ ಅವಲಕ್ಕಿ ಬೆಲ್ಲ. ಮೂರು ಮನೆಗಳಲ್ಲಿ ಹೆತ್ತ ತಾಯಿ ಒಲೆಯ ಮುಂದೆಯೇ ಇದ್ದರು. ಹೊನ್ನಿ ಬಾಗಿಲಲ್ಲಿ ನಿಂತು, "ಕೇಳಿಸ್ಲಿಲ್ವೇನವ್ವ ನಿಂಗೆ, ಎರಡು ಸಲ ಕೂಗ್ತು" ಎಂದು ಅವರನ್ನೇ ಕೇಳಿದಳು. ಬುಧವಾರ ಸಂತೆಯಲ್ಲಿ ಈ ವಿಷಯ ಬಿಟ್ಟು ಬೇರೆ ಮಾತಿರಲಿಲ್ಲ. ಹುಡುಗರು ಮರದ ಮರೆಯಲ್ಲಿ ನಿಂತು ಅವ್ವಾ ಎಂದು ಕೂಗಿ, ಆಕೆ ಬರುತ್ತಾಳೋ ಇಲ್ಲವೋ ಎಂದು ಪಂಥ ಕಟ್ಟಿದರು. ಎರಡು ಸಲ ಬಂದಳು. ಮೂರನೆಯ ಸಲ, "ನಿಜವಾಗ್ಲೂ ಬಿದ್ರೆ ದನಿ ಬೇರೆ ಕಣ್ರೋ, ಮುಚ್ಕೊಂಡ್ ಹೋಗಿ" ಎಂದು ಕೂತಲ್ಲಿಂದಲೇ ಹೇಳಿದಳು.

ಅಳಿಯ ನಿಂಗರಾಜ ಬುಧವಾರ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿನಲ್ಲಿ ಓಡಿಬಂದು ಸುಗುಣಳ ಮಾತು ತಿಳಿಸಿದ. ಅವನು ತಿಳಿಸುವಾಗ ಹೊನ್ನಿ ನನ್ನ ಕಿಟಕಿಯ ಬಳಿಯೇ ಇದ್ದಳು. ಇಷ್ಟು ಕರೆ ಬರುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಲು ಬಂದಿದ್ದಳು. ಸುಗುಣ ಶಾಲೆಯಲ್ಲಿ ಟೀಚರು. ಮಕ್ಕಳೆಲ್ಲ ತನ್ನನ್ನು ಊರವ್ವನ ಮಗಳು ಎಂದು ಆಡಿಕೊಳ್ಳುತ್ತಿದ್ದಾರೆ, ತಲೆ ಎತ್ತಿ ನಡೆಯಲು ಆಗುತ್ತಿಲ್ಲ, ಆ ಹೆಸರು ತೆಗೆಸಿಹಾಕು, ಇಲ್ಲದಿದ್ದರೆ ಪ್ರಾಣ ಹೋದರೂ ಕರೆಯುವುದಿಲ್ಲ ಎಂದು ಆಕೆ ಹೇಳಿ ಕಳಿಸಿದ್ದಳು.

"ಕರೀದಿದ್ರೆ ಬಿಡ್ಲಿ," ಎಂದಳು ಹೊನ್ನಿ. ಸೆರಗಿನ ಅರಳೆ ಹಿಂಜುತ್ತ, "ನೋವು ಹೆಂಗೈತೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ, ಅದಕ್ಕೇ ಹಂಗಂತಾಳೆ" ಎಂದು ನಿಂಗರಾಜನಿಗೆ ಸಮಾಧಾನ ಹೇಳಿದಳು. ಅವನಿಗೆ ಸಮಾಧಾನ ಬೇಕಾಗಿರಲಿಲ್ಲ. ಗೂಡಿಗೆ ಹೊತ್ತಾಗುತ್ತಿತ್ತು.

ಗುರುವಾರ ದೂರು ಬಂತು. ತಂದವರು ಹಾಲಿನ ವ್ಯಾಪಾರದ ನೀಲಮ್ಮ೧೪. ಊರಿನಲ್ಲಿ ನೀಲಮ್ಮ ಎಂಬವರು ಹದಿನೇಳು ಮಂದಿ. ಹದಿನಾಲ್ಕನೆಯವರ ದನಿ ಉಳಿದ ಹದಿನಾರಕ್ಕೆ ಸಮ. ಅವರ ಹಿಂದೆ ಮೂವತ್ತೆಂಟು ತಾಯಂದಿರು ಸಹಿ ಹಾಕಿದ್ದರು. "ನನ್ ಮಗಳು ಚಂಪಾಗೆ ನಾಕು ವರ್ಷ ಪರಮೇಶಯ್ಯನೋರೆ," ಎಂದರು ನೀಲಮ್ಮ೧೪. "ಅವಲಕ್ಕಿ ರುಚಿ ಹತ್ತಿ ಈಗ ಸುಮ್ಸುಮ್ನೆ ಬೀಳ್ತಾಳೆ. ಬಿದ್ದು, ಕೂಗಿ, ಬಾಗಿಲ ಕಡೆ ನೋಡ್ತಾಳೆ. ನಾನು ಎತ್ಕೊಳಕ್ಕೆ ಹೋದ್ರೆ, ನೀನಲ್ಲ ಅಂತಾಳೆ. ನೀನಲ್ಲ ಅಂತೆ! ಹೆತ್ತೋಳಿಗೆ!" ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ದೂರನ್ನು ದಾಖಲು ಮಾಡಿಕೊಂಡೆ. ಅದೇ ಹೊತ್ತಿಗೆ ಸಾಲಿನಲ್ಲಿ ಹಿಂದೆ ನಿಂತಿದ್ದ ಐವರು ಸದ್ದಿಲ್ಲದೆ ಬೇರೆ ಅರ್ಜಿಗಳನ್ನು ಕೊಟ್ಟರು. ಅವರಿಗೆ ಅವ್ವ೨ರಿಂದ ಅವ್ವ೬ರವರೆಗಿನ ಹೆಸರುಗಳು ಬೇಕಾಗಿದ್ದವು.

ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆಯಬೇಕಾದರೆ ಎರಡೂ ಕಿಟಕಿಯವರು ಒಂದೇ ಮೇಜಿನಲ್ಲಿ ಕೂತು ಮಾತಾಡಿ ತೀರ್ಮಾನಿಸಬೇಕು ಎಂಬುದು ನಿಯಮ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಕೂತೆವು. ಕಚೇರಿಯ ಅಂಗಳದಲ್ಲಿ ನಲವತ್ತಕ್ಕೂ ಹೆಚ್ಚು ಹೆಂಗಸರಿದ್ದರು. ಹನ್ನೊಂದು ವರ್ಷಗಳ ನಂತರ ಶರಭಣ್ಣನವರು ನನ್ನ ಜೊತೆ ಆಡಿದ ಮೊದಲ ಮಾತು, "ಆ ಶಾಯಿ ಈ ಕಡೆ ತಳ್ಳಿ" ಎಂಬುದು. ತಳ್ಳಿದೆ.

ಹೊನ್ನಿ ಬೆಂಚಿನ ತುದಿಯಲ್ಲಿ ತಲೆ ಓರೆ ಮಾಡಿ ಕೂತಿದ್ದಳು. ನಾಲ್ಕು ದಿನಗಳಲ್ಲಿ ಆ ಭಂಗಿ ಅಭ್ಯಾಸವಾಗಿತ್ತು. ಕಣ್ಣುಗಳು ಕೆಂಪಾಗಿದ್ದವು. ದಿನಕ್ಕೆ ಸಾವಿರದ ಮೇಲೆ ಬರುತ್ತದೆ ಎಂದಳು. ಸಾವಿರದ ಮೇಲೆ ಆಕೆಗೆ ಎಣಿಸಲು ಬರುತ್ತಿರಲಿಲ್ಲ.

"ಹೆರಿಗೆ ಆಗೋ ಗಂಟ ಬಿಡ್ರಪ್ಪ," ಎಂದಳು. "ಹೆಚ್ಚಂದ್ರೆ ಹತ್ತು ದಿನ. ಆಮೇಲೆ ಲೊಚಗುಟ್ಟೋ ಹೆಸರೇ ಕೊಡಿ, ನಾಯಿ ಕರೆಯೋ ಹೆಸರೇ ಕೊಡಿ, ಹೊತ್ಕೊಂಡ್ ಹೋಗ್ತೀನಿ."

"ಹತ್ತು ದಿನಕ್ಕೆ ನನ್ ಮಗಳು ನನ್ನ ಮರೆತೇ ಬಿಡ್ತಾಳೆ ಹೊನ್ನಕ್ಕ," ಎಂದರು ನೀಲಮ್ಮ೧೪.

"ಮರೆಯಲ್ಲ ಕಣೆ ತಾಯಿ. ಅವಳು ನಿಜವಾಗಿ ಬಿದ್ದಾಗ ಕೂಗೋದು ನಿನ್ನೇ. ನನಗೆ ಗೊತ್ತಾಗಲ್ವಾ? ಅವಲಕ್ಕಿ ಕೂಗೇ ಬೇರೆ."

ಹೆಂಗಸರು ನಕ್ಕರು. ನೀಲಮ್ಮ೧೪ ನಗಲಿಲ್ಲ, ಆದರೆ ದನಿ ತಗ್ಗಿಸಿದರು. ಹತ್ತು ದಿನ ಕಾಯಬಹುದು ಎಂದು ನನಗೂ ಅನಿಸಿತು, ಹಾಗೆಂದು ಹೇಳಿದೆ. ತಾತ್ಕಾಲಿಕ ಹೆಸರು ಎಂಬುದು ನಿಯಮದಲ್ಲಿ ಇಲ್ಲ ಎಂದರು ಶರಭಣ್ಣನವರು.

"ನಿಯಮ ನಿಮಗೇ ಇರಲಿ ಬುದ್ಧಿ," ಎಂದಳು ಹೊನ್ನಿ. "ಈ ಊರಲ್ಲಿ ಯಾರ್ಯಾರು ಕರೀತಾರೆ ಅಂತ ನನಗೆ ಗೊತ್ತಾಗ್ಬಿಟ್ಟೈತೆ. ಗಿರಣಿ ಸಾಹುಕಾರಪ್ಪ, ಎಪ್ಪತ್ತು ವರ್ಷ, ಅಟ್ಟದ ಮೆಟ್ಲು ಹತ್ತುವಾಗ ಮೆಟ್ಲಿಗೊಂದು ಸಲ ಅವ್ವಾ ಅಂತದೆ. ಹದಿನಾಕು ಮೆಟ್ಲು. ಪಾಪ, ಯಾರೂ ಇಲ್ಲ ಮನೇಲಿ. ಮೊನ್ನೆ ಹೋಗಿ ಬೆನ್ನು ನೀವಿ ಬಂದೆ. ನೀವೂ ಕರೆದ್ರಿ, ಬುಧವಾರ ಸಂಜೆ, ಕುರ್ಚಿಯಿಂದ ಏಳುವಾಗ. ಸೊಂಟ ಹಿಡ್ಕೊಂಡೈತಾ?"

ಶರಭಣ್ಣನವರ ಮುಖ ಅವರ ಮುದ್ರೆಯ ಬಣ್ಣಕ್ಕೆ ತಿರುಗಿತು. ಬರೀ ಹಿಂದಕ್ಕೆ ಪಡೆದರೆ ನಾಳೆ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಐದು ಅರ್ಜಿ ಆಗಲೇ ಬಂದಿವೆ, ಈ ಪದವನ್ನು ಪಟ್ಟಿಗೆ ಸೇರಿಸಿ ಯಾರಿಗೂ ಸಿಗದಂತೆ ಮಾಡಿಬಿಡಬೇಕು ಎಂದರು. ನಾನು ಅನುಮಾನಿಸಿದೆ. "ಮೊದಲನೆ ಮುದ್ರೆ ಯಾರದು ಅಂತ ಕಡತದಲ್ಲಿ ಬರೀಬೇಕಾಗುತ್ತೆ," ಎಂದು ನೆನಪಿಸಿದರು. ಹನ್ನೊಂದು ಇಪ್ಪತ್ತಕ್ಕೆ ನಾನು ಸಹಿ ಹಾಕಿದೆ. ಇದರಲ್ಲಿ ನನ್ನ ಪಾಲು ಇಷ್ಟು, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಶರಭಣ್ಣನವರು ಪಟ್ಟಿಯ ಕೊನೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಮೂವತ್ತಾರನೆಯ ಪದ ಬರೆದು ಗಟ್ಟಿಯಾಗಿ ಓದಿದರು.

"ಸುಮ್ಗಾಯ್ತು," ಎಂದಳು ಹೊನ್ನಿ. ಕಿವಿಯನ್ನು ಅಂಗೈಯಿಂದ ಒತ್ತಿ ಬಿಟ್ಟಳು. "ಒಂದೂ ಇಲ್ಲ." ಆಕೆಯ ಮುಖ ನೋಡಲು ನನ್ನಿಂದಾಗಲಿಲ್ಲ. ನೀಲಮ್ಮ೧೪ ಕೂಡ ಬೇರೆ ಕಡೆ ನೋಡುತ್ತಿದ್ದರು.

ಆಗ ನನ್ನ ಕಿವಿಯಲ್ಲಿ ಒಂದು ಮಗು ಅವ್ವಾ ಎಂದಿತು. ಮೂಗು ಕಟ್ಟಿದ ದನಿ, ಕೆರೆಯ ಕಡೆಯಿಂದ. ನಾನು ತಿರುಗಿ ನೋಡಿದೆ. ಶರಭಣ್ಣನವರೂ ತಿರುಗಿ ನೋಡಿದರು. ಅಂಗಳದಲ್ಲಿದ್ದ ಅಷ್ಟೂ ಜನ ಒಂದೇ ಕಡೆ ತಿರುಗಿದ್ದರು. ಹಿಂದೆಯೇ ಇನ್ನೊಂದು ದನಿ, ಮತ್ತೊಂದು. ಆಮೇಲೆ ಮುದಿ ಗಂಡಸಿನ ಕರೆ, ತಡೆದು ತಡೆದು, ಒಂದರ ಹಿಂದೆ ಒಂದು. "ಗಿರಣಿ ಸಾಹುಕಾರ್ರು ಮೆಟ್ಲು ಹತ್ತುತಾವ್ರೆ" ಎಂದರು ಯಾರೋ. ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವನು ಸೌಟು ಹಿಡಿದುಕೊಂಡೇ ಬೀದಿಗೆ ಬಂದು ಆಕಾಶ ನೋಡಿದ.

ಪಟ್ಟಿಯ ಪದವನ್ನು ಕರೆದರೆ ಅದು ಊರಿಗೆಲ್ಲ ಕೇಳಿಸುತ್ತದೆ. ಇದು ನಮಗೆ ತಿಳಿದಿರಲಿಲ್ಲ, ಏಕೆಂದರೆ ಆ ಪದಗಳನ್ನು ಹೆಸರಿನಂತೆ ಯಾರೂ ಕರೆಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅಥವಾ ಎಂದು ಯಾರು ಕೂಗುತ್ತಾರೆ? ಎಮ್ಮೆಯವನೊಬ್ಬ ಕೂಗಿದ್ದ, ತಪ್ಪನ್ನು ನಾವು ಎಮ್ಮೆಯ ತಲೆಗೆ ಕಟ್ಟಿದ್ದೆವು. ಪಟ್ಟಿಗೆ ಸೇರಿದ್ದು ಯಾರದೂ ಅಲ್ಲ ಎಂದು ನಮ್ಮ ಕಚೇರಿ ತಲೆತಲಾಂತರದಿಂದ ಹೇಳುತ್ತ ಬಂದಿತ್ತು. ಅದು ಎಲ್ಲರದ್ದು ಎಂದು ಆ ಹೊತ್ತಿಗೆ ಗೊತ್ತಾಯಿತು.

ಹೆಂಗಸರು ಕಿವಿ ಮುಚ್ಚಿಕೊಂಡರು. ಮುಚ್ಚಿದರೆ ನಿಲ್ಲುವಂಥದ್ದಲ್ಲ ಅದು. "ನಾಕು ದಿನದಿಂದ ಇದನ್ನ ಕೇಳ್ತಿದ್ಯಾ ಹೊನ್ನಕ್ಕ?" ಎಂದು ನೀಲಮ್ಮ೧೪ ಕೂಗಿ ಕೇಳಿದರು. ಪಕ್ಕದಲ್ಲೇ ಇದ್ದರೂ ಕೂಗುವಂತಾಗಿತ್ತು. ಹೊನ್ನಿಗೂ ಈಗ ಎಲ್ಲರಂತೆಯೇ ಕೇಳಿಸುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದವಳು ಹಾಗೆಯೇ ಎದ್ದು ನಿಂತಳು.

ಹನ್ನೊಂದು ಮೂವತ್ತನಾಲ್ಕು. ನನಗೆ ಆ ಗಳಿಗೆಯಲ್ಲಿ ಏಳೆಂಟು ದನಿಗಳು ಒಂದರ ಮೇಲೊಂದು ಬಿದ್ದಂತೆ ಕೇಳಿಸಿದವು. ಅದರಲ್ಲಿ ಒಂದು ಹಲ್ಲು ಕಚ್ಚಿಕೊಂಡು ಆಡಿದಂತಿತ್ತು, ಪೂರ್ತಿ ಕರೆಯೂ ಅಲ್ಲ, ಅರ್ಧ ಅ, ಅರ್ಧ ಉಸಿರು. ಅಂಗಳದಲ್ಲಿದ್ದ ಯಾರೂ ಅದನ್ನು ಗಮನಿಸಲಿಲ್ಲ. ಹೊನ್ನಿ ಮಾತ್ರ ಚಪ್ಪಲಿ ಹುಡುಕುತ್ತಿದ್ದಳು. "ಸುಗುಣ," ಎಂದಳು. "ಸುಗುಣ ಕಣ್ರೋ. ಬಿಡ್ರೋ ದಾರಿ."

ಎರಡನೆಯ ಸಲ ಕರೆದಾಗ ಹಲ್ಲು ಕಚ್ಚಿರಲಿಲ್ಲ. ಸುಣ್ಣದ ಗೂಡಿನ ಕೇರಿಯಿಂದ ಬಂದ ಆ ಕರೆ ನನ್ನ ಕಿವಿಯಲ್ಲಿ ಬಿದ್ದಾಗ ನಾನು ಮೇಜು ಹಿಡಿದುಕೊಂಡೆ. ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಅದು ನನ್ನನ್ನು ಕರೆದದ್ದೂ ಅಲ್ಲ. ಆದರೂ ಕಾಲು ಬಾಗಿಲ ಕಡೆ ಹೊರಟಿತ್ತು.

ಮಂಡಿನೋವಿನ ಹೆಂಗಸು ಎರಡು ಮೈಲಿ ನಡೆಯಲು ಮುಕ್ಕಾಲು ಗಂಟೆ ಬೇಕು. ನೀಲಮ್ಮ೧೪ ಹಾಲಿನ ಕ್ಯಾನುಗಳನ್ನು ಮೊಪೆಡ್ಡಿನಿಂದ ಬಿಚ್ಚಿ ಕಚೇರಿಯ ಮೆಟ್ಟಿಲ ಮೇಲೆ ಇಟ್ಟರು. ಒಂದರ ಮುಚ್ಚಳ ಸಡಿಲವಾಗಿ ಹಾಲು ಚೆಲ್ಲಿತು, ತಿರುಗಿ ನೋಡಲಿಲ್ಲ. "ಹತ್ತು ಹೊನ್ನಕ್ಕ, ಸೊಂಟ ಗಟ್ಟಿಯಾಗಿ ಹಿಡ್ಕೊ. ಜಾರಿದ್ರೆ ಅವ್ವಾ ಅನ್ಬೇಡ ಮಾರಾಯ್ತಿ, ಊರಿಗೆಲ್ಲ ಕೇಳ್ಸುತ್ತೆ." ಹಿಂದೆ ಹನ್ನೆರಡು ಹೆಂಗಸರು ನಡೆದುಕೊಂಡೇ ಹೊರಟರು. ಯಾಕೆ ಹೊರಟರೆಂದು ಆಮೇಲೆ ವಿಚಾರಿಸಿದೆ. ಅಷ್ಟು ಕರೆಯುತ್ತಿರುವಾಗ ಕೂತಿರಲು ಆಗಲಿಲ್ಲ ಎಂದರು.

ಪ್ರಾಣ ಹೋದರೂ ಕರೆಯುವುದಿಲ್ಲ ಎಂದಿದ್ದ ಸುಗುಣ ಒಟ್ಟು ಹನ್ನೊಂದು ಸಲ ಕರೆದಳು. ಊರಿಗೆ ಊರೇ ಎಣಿಸಿತು. ಆಕೆಯ ಶಾಲೆಯ ನಾಲ್ಕನೆಯ ತರಗತಿ ಬೆರಳು ಮಡಚಿ ಎಣಿಸಿತು. ಆ ಸಂಖ್ಯೆಯನ್ನು ನಾನು ಮೂರು ಕಡೆ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಹತ್ತನೆಯದಾದ ಮೇಲೆ ಬಹಳ ಹೊತ್ತು ಬರಲಿಲ್ಲ. ಹೋಟೆಲಿನವನು ಒಲೆ ಆರಿಸಿ ಬಂದು ನನ್ನ ಕಿಟಕಿಯ ಬಳಿ ನಿಂತ. ಶರಭಣ್ಣನವರು ಪಟ್ಟಿಯನ್ನು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಮಾಡುತ್ತಿದ್ದರು. ಹನ್ನೊಂದನೆಯದು ಹನ್ನೆರಡು ಗಂಟೆಗೆ ಐದು ನಿಮಿಷ ಇರುವಾಗ ಬಂತು, ಅರ್ಧಕ್ಕೇ ನಿಂತಿತು. ಮತ್ತೆ ಆ ದನಿ ಕೇಳಿಸಲಿಲ್ಲ. ಎದುರಿಗಿದ್ದವರನ್ನು ಕರೆಯಬೇಕಿಲ್ಲ.

"ತಲುಪಿದಳು," ಎಂದರು ಶರಭಣ್ಣನವರು.

"ತಲುಪಿದಳು," ಎಂದೆ.

ಮಗು ಹುಟ್ಟಿದ್ದು ಮಧ್ಯಾಹ್ನ ಒಂದು ಐವತ್ತಕ್ಕೆ. ಹೆಣ್ಣು. ತೂಕ ಎರಡು ಕಿಲೋ ಒಂಬೈನೂರು. ಸುಗುಣ ಕ್ಷೇಮವಾಗಿದ್ದಳು. ಗೂಡಿನ ಪಾಳಿ ಮುಗಿಸಿ ಬಂದ ನಿಂಗರಾಜ, ಕೇರಿಯ ತುಂಬ ಕೂತಿದ್ದ ಹೆಂಗಸರನ್ನು ಕಂಡು ಹೆದರಿ ಮೂಲೆಯಲ್ಲಿ ನಿಂತನಂತೆ. ಮಗುವನ್ನು ಮೊದಲು ಎತ್ತಿ ತೋರಿಸಿದವರು ನೀಲಮ್ಮ೧೪.

ಆ ಸಂಜೆ ಊರು ಅಷ್ಟೂ ಮಕ್ಕಳ ಅಷ್ಟೂ ಕರೆಗಳನ್ನು ಕೇಳಿತು. ಗಿರಣಿ ಸಾಹುಕಾರರ ಮನೆಗೆ ಐದು ಜನ ಹೋದರು. ಅವರು ಕೆಳಗಿನ ಕೋಣೆಗೆ ಹಾಸಿಗೆ ಇಳಿಸಿಕೊಂಡರು. ಮರೆಯಲ್ಲಿ ನಿಂತು ಕೂಗುತ್ತಿದ್ದ ಹುಡುಗರನ್ನು ಊರಿನ ಗಂಡಸರೇ ಹಿಡಿದು ಗದರಿಸಿದರು. ಬೆಳಗಾಗುವ ಹೊತ್ತಿಗೆ ಯಾರ ಕಣ್ಣೂ ನೆಟ್ಟಗಿರಲಿಲ್ಲ. ಶನಿವಾರ ಎಂಟು ಗಂಟೆಗೆ, ಎರಡು ಗಂಟೆ ಮುಂಚಿತವಾಗಿ, ನಾವು ಕಚೇರಿ ತೆರೆದೆವು. ಹೊರಗೆ ಇನ್ನೂರು ಜನ ನಿಂತಿದ್ದರು. ಶರಭಣ್ಣನವರು ಪಟ್ಟಿಯಿಂದ ಕೊನೆಯ ಪದವನ್ನು ಹೊಡೆದುಹಾಕಿದರು. ಈ ಪದವನ್ನು ಯಾರ ಹೆಸರಿಗೂ ಕೊಡಕೂಡದು, ಪಟ್ಟಿಗೂ ಸೇರಿಸಕೂಡದು ಎಂದು ಇಬ್ಬರೂ ಸೇರಿ ಒಂದು ಚೀಟಿ ಬರೆದು ಎರಡು ಕಿಟಕಿಗಳ ನಡುವಿನ ಗೋಡೆಗೆ ಅಂಟಿಸಿದೆವು. ಒಕ್ಕಣೆಯ ಬಗ್ಗೆ ಸ್ವಲ್ಪ ಜಗಳವಾಯಿತು. ಅವರಿಗೆ ಕೂಡದು ಎಂಬುದು ಎರಡು ಸಲ ಬರುವುದು ಇಷ್ಟವಿರಲಿಲ್ಲ.

ಅವ್ವ೨ರಿಂದ ಅವ್ವ೬ರವರೆಗಿನ ಅರ್ಜಿಗಳನ್ನು ವಾಪಸು ಕೊಟ್ಟೆವು. ಹೊನ್ನಿಯ ಹೆಸರಿನ ಜಾಗ ದಫ್ತರದಲ್ಲಿ ಖಾಲಿ ಉಳಿಯಿತು. ಸೋಮವಾರ ಬಂದು ಹೊಸ ಅರ್ಜಿ ಕೊಡುವಂತೆ ಹೇಳಿ ಕಳಿಸಿದ್ದೆವು. ಆಕೆ ಬರಲಿಲ್ಲ. ಮದುವೆ ಮನೆಯ ಹಾಸಿಗೆಗಳಲ್ಲಿ ಐದನ್ನು ಸುಣ್ಣದ ಗೂಡಿನ ಕೇರಿಯ ಜಗಲಿಯ ಮೇಲೆ ಕೂತು ಹೊಲಿದು ಮುಗಿಸಿದಳು, ಎರಡನ್ನು ಬೇರೆಯವರಿಗೆ ವಹಿಸಿದಳು, ಮತ್ತು ಮಗಳ ಮನೆಯಲ್ಲಿ ಐದು ತಿಂಗಳು ಇದ್ದಳು.